ಮಾಳಿಗೆಯೂ ಮನೆಯ ಬೆಲೆಯೂ

ಮನೆ ಕೊಳ್ಳಲು ಬಂದವನು ಮೊದಲು ನೋಡುವುದು ಏನನ್ನು? ದಲ್ಲಾಳಿಯನ್ನು ಕೇಳಿದರೆ ಬಾಗಿಲಿನ ದಿಕ್ಕನ್ನು ಎನ್ನುತ್ತಾನೆ. ವಕೀಲರನ್ನು ಕೇಳಿದರೆ ಮೂಲಪತ್ರಗಳನ್ನು ಎನ್ನುತ್ತಾರೆ. ಮನೆಯಾಕೆಯನ್ನು ಕೇಳಿದರೆ ಅಡುಗೆಮನೆಯನ್ನು, ನೀರಿನ ಅನುಕೂಲವನ್ನು ಎನ್ನುತ್ತಾಳೆ. ಇವೆಲ್ಲವೂ ನಿಜವೇ ಇರಬಹುದು. ಆದರೆ ಒಂದು ಹಳೆಯ ಮನೆಯನ್ನು ಮಾರುವ ಪಾಡನ್ನು ಅನುಭವಿಸಿದವನು ನಾನು. ಬಂದವರನ್ನೆಲ್ಲ ಬಾಗಿಲಲ್ಲಿ ಎದುರುಗೊಂಡು, ಅವರ ಕಣ್ಣು ಎತ್ತ ಹೋಗುತ್ತದೆಂಬುದನ್ನು ಕಳ್ಳನಂತೆ ಗಮನಿಸಿದವನು. ನಾನು ಕಂಡಂತೆ, ಹೊಸ್ತಿಲು ದಾಟಿದ ಮನುಷ್ಯ ಎರಡು ಹೆಜ್ಜೆ ಇಟ್ಟು, ನಿಂತು, ಕತ್ತೆತ್ತಿ ಮೇಲೆ ನೋಡುತ್ತಾನೆ. ಬಾಯಲ್ಲಿ ಬೇರೆ ಮಾತು ನಡೆದಿರುತ್ತದೆ; ಕಣ್ಣು ಮಾತ್ರ ಛಾವಣಿಯ ಮೂಲೆ ಮೂಲೆಗಳನ್ನು ಸುತ್ತಿ ಬರುತ್ತದೆ. ಆ ಒಂದು ಸುತ್ತಿನಲ್ಲಿಯೇ ಮನೆಯ ಬೆಲೆಯ ಬಹುಭಾಗ ತೀರ್ಮಾನವಾಗಿ ಹೋಗುತ್ತದೆ.

ಈ ಹೊತ್ತು ಆ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಎಂಜಿನಿಯರನೂ ಅಲ್ಲ, ಮನೆಗಳ ವ್ಯಾಪಾರಿಯೂ ಅಲ್ಲ. ಸೋರುವ ಮಾಳಿಗೆಯ ಕೆಳಗೆ ಇಪ್ಪತ್ತು ವರ್ಷ ಬಾಳಿದವನು ಎಂಬುದಷ್ಟೇ ನನ್ನ ಅರ್ಹತೆ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಅಕ್ಕಿಪೇಟೆಯಲ್ಲಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಊರಿನ ಹಳೆಯ ಭಾಗ ಅದು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ರಾಗಿಪೇಟೆ ಎಂದು ಒಂದೊಂದು ಕಸುಬಿಗೆ, ಒಂದೊಂದು ಸರಕಿಗೆ ಒಂದೊಂದು ಪೇಟೆ. ಸಗಟು ಧಾನ್ಯದ ದೊಡ್ಡ ವಹಿವಾಟು ಈಗ ಯಶವಂತಪುರದ ಮಾರುಕಟ್ಟೆ ಪ್ರಾಂಗಣವನ್ನು ಸೇರಿದೆ. ಹೆಸರು ಮಾತ್ರ ಇಲ್ಲಿ ಉಳಿದಿದೆ. ಪೇಟೆಯ ಮನೆಗಳಿಗೆ ಒಂದು ವಿಶೇಷವಿತ್ತು, ಉಳಿದಿರುವ ಕೆಲವಕ್ಕೆ ಇನ್ನೂ ಇದೆ. ಬೀದಿಯ ಕಡೆಗೆ ಮುಖ ಹದಿನೈದು ಇಪ್ಪತ್ತು ಅಡಿ, ಒಳಕ್ಕೆ ಹೋದರೆ ಐವತ್ತು ಅರವತ್ತು ಅಡಿ. ಎಡಬಲದ ಗೋಡೆಗಳು ನೆರೆಮನೆಗೆ ಅಂಟಿಕೊಂಡಂಥವು. ಹಿಂಬದಿಯಲ್ಲಿಯೂ ಇನ್ನೊಬ್ಬರ ಮನೆ. ಬೆಳಕು ಬರಬೇಕಾದರೆ ಮೇಲಿನ ಬೆಳಕಿಂಡಿಯಿಂದಲೇ ಬರಬೇಕು, ಗಾಳಿ ಬರಬೇಕಾದರೆ ನಡುವಣ ತೊಟ್ಟಿಯಿಂದಲೇ ಬರಬೇಕು. ಅಂದರೆ ಬಿಸಿಲು ಮಳೆಗಳಿಗೆ ಮುಖವೊಡ್ಡಿ ನಿಲ್ಲುವುದು ಬೀದಿಯ ಕಡೆಯ ಗೋಡೆಯೊಂದು, ಮಾಳಿಗೆಯೊಂದು. ಗೋಡೆ ಚಿಕ್ಕದು, ಮಾಳಿಗೆ ದೊಡ್ಡದು. ಪೇಟೆಯ ಮನೆಯ ಆರೋಗ್ಯವೆಲ್ಲ ತಲೆಯ ಮೇಲಿತ್ತು ಎಂದರೆ ತಪ್ಪಾಗಲಾರದು.

1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಾಗ ಪೇಟೆಯನ್ನು ಬಿಟ್ಟು ಅಲ್ಲಿಗೆ ಹೋದವರು ಸುತ್ತ ಜಾಗ ಬಿಟ್ಟು ಮನೆ ಕಟ್ಟಿಕೊಂಡರು. ಎಷ್ಟೋ ಮನೆಗಳಿಗೆ ಮಂಗಳೂರು ಹೆಂಚು ಹೊದಿಸಿದರು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಹೆಂಚು ಅದು. ಹೆಂಚಿನ ಸೂರಿಗೆ ಒಂದು ಪ್ರಾಮಾಣಿಕತೆಯುಂಟು. ಒಂದು ಹೆಂಚು ಒಡೆದರೆ ಹಗಲು ಹೊತ್ತಿನಲ್ಲಿ ಅಲ್ಲೊಂದು ಬೆಳಕಿನ ಚುಕ್ಕೆ ಕಾಣುತ್ತದೆ. ಏಣಿ ಹಾಕಿ ಆ ಹೆಂಚನ್ನು ತೆಗೆದು ಇನ್ನೊಂದನ್ನು ಇಟ್ಟರೆ ಮುಗಿಯಿತು. ಕೋತಿಗಳ ಕಾಟ ಇಲ್ಲದಿದ್ದರೆ ಅದಕ್ಕಿಂತ ಸುಲಭವಾದ ಸಂಸಾರವಿಲ್ಲ. ನಮ್ಮ ಪೇಟೆಯ ಮಾಳಿಗೆ ಹಾಗಲ್ಲ. ಅದು ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು.

ನಮ್ಮ ಮನೆಯದು ಮದರಾಸು ತಾರಸಿ. ಅದನ್ನು ಕಟ್ಟುವುದನ್ನು ಕಣ್ಣಾರೆ ಕಂಡವರು ಈಗ ವಿರಳ, ಆದುದರಿಂದ ಒಂದಿಷ್ಟು ವಿವರಿಸುತ್ತೇನೆ. ಗೋಡೆಯಿಂದ ಗೋಡೆಗೆ ತೇಗದ ತೊಲೆಗಳು. ಅವುಗಳ ಮೇಲೆ, ಒಂದೂವರೆ ಅಡಿಗೊಂದರಂತೆ ಜಂತೆಗಳು. ಜಂತೆಗಳ ಮೇಲೆ ಅಂಗೈಯಷ್ಟು ಚಿಕ್ಕವಾದ, ಒಂದಂಗುಲ ದಪ್ಪದ ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲುಗೂಡಿಸಿ, ಸುಣ್ಣದ ಗಾರೆಯಲ್ಲಿ ಬಿಗಿಯುತ್ತಿದ್ದರು. ಅದರ ಮೇಲೆ ಮೂರು ನಾಲ್ಕು ಅಂಗುಲ ಇಟ್ಟಿಗೆ ಚೂರು ಬೆರೆಸಿದ ಗಾರೆ. ಈ ಗಾರೆಯನ್ನು ಹರಡಿ ಬಿಟ್ಟರೆ ಸಾಲದು. ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯಬೇಕು. ಬಡಿಯುತ್ತ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸಬೇಕು. ಕೊಡತಿ ಹೂತುಕೊಳ್ಳದೆ ಪುಟಿದು ಮೇಲೇಳುವ ತನಕ ಈ ಕೆಲಸ. ಕೊನೆಗೆ ಮೇಲೆ ತೆಳುವಾದ ಚಪ್ಪಟೆ ಹೆಂಚುಗಳ ಹಾಸು, ನೀರು ಹರಿಯುವ ಕಡೆಗೆ ಕಂಡೂ ಕಾಣದ ಇಳಿಜಾರು.

ಸುಣ್ಣವು ಗಾಳಿಯನ್ನು ಕುಡಿದು ನಿಧಾನವಾಗಿ ಗಟ್ಟಿಯಾಗುವ ಪದಾರ್ಥ. ಸಿಮೆಂಟಿನಷ್ಟು ಬಿರುಸಲ್ಲ. ಬಿಸಿಲಿಗೆ ಕೊಂಚ ಹಿಗ್ಗುತ್ತದೆ, ತಂಪಿಗೆ ಕೊಂಚ ಕುಗ್ಗುತ್ತದೆ, ಮರದ ಜಂತೆ ಅಲುಗಿದರೆ ತಾನೂ ಒಂದಿಷ್ಟು ಹೊಂದಿಕೊಳ್ಳುತ್ತದೆ. ಇಂಥ ಮಾಳಿಗೆ ನೂರು ವರ್ಷ ಬಾಳುತ್ತದೆಂದು ಮೇಸ್ತ್ರಿಗಳು ಹೇಳುತ್ತಿದ್ದುದು ಜಂಬದ ಮಾತಲ್ಲ. ಆದರೆ ಆ ನೂರು ವರ್ಷಗಳಲ್ಲಿ ಪ್ರತಿವರ್ಷವೂ ಯಾರಾದರೊಬ್ಬರು ಮೇಲೆ ಹತ್ತಬೇಕು, ಅಷ್ಟೇ ಕರಾರು.

ನಮ್ಮ ತಾತ ಹತ್ತುತ್ತಿದ್ದರು. ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ, ರೋಹಿಣಿ ಮಳೆ ಬೀಳುವುದಕ್ಕೆ ಮುಂಚೆ ಒಂದು ದಿನ. ಮೊದಲು ಕಸ ಗುಡಿಸುವುದು. ನೀರು ಹೊರಬೀಳುವ ದೋಣಿಯ ಬಾಯಲ್ಲಿ ಸೇರಿದ ಎಲೆ, ಹಕ್ಕಿಯ ಗರಿ, ಮಕ್ಕಳ ಗಾಳಿಪಟದ ಕಾಗದ ಎಲ್ಲವನ್ನೂ ಕೈಯಿಂದ ತೆಗೆಯುವುದು. ಆಮೇಲೆ ಕೈಪಿಡಿ ಗೋಡೆಯ ಬುಡವನ್ನು ಗೇಣು ಗೇಣಾಗಿ ನೋಡುವುದು. ಅಲ್ಲಿ ಅರಳಿಯ ಸಸಿಯೊಂದು ಎರಡೆಲೆ ಬಿಟ್ಟಿದ್ದರೆ ಅದನ್ನು ಬೇರುಸಹಿತ ಕಿತ್ತು ಆ ರಂಧ್ರಕ್ಕೆ ಸುಣ್ಣದ ಗಾರೆ ತುಂಬುವುದು. ಅರಳಿಯ ಮರಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದವರು ಅವರು. ಮಾಳಿಗೆಯ ಅರಳಿಗೆ ಮಾತ್ರ ಕರುಣೆ ತೋರಿಸುತ್ತಿರಲಿಲ್ಲ. ಕೊನೆಗೆ ನಾಲ್ಕು ಕೊಡ ನೀರು ಸುರಿದು ಅದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬಾಗಿ ನೋಡುವುದು. ನಿಂತ ಕಡೆ ಸೀಮೆಸುಣ್ಣದಿಂದ ಗುರುತು. ಮರುದಿನ ಮೇಸ್ತ್ರಿ. ಒಟ್ಟು ಖರ್ಚು ಆಗಿನ ಕಾಲಕ್ಕೆ ಹತ್ತು ಹದಿನೈದು ರೂಪಾಯಿ. ಭಾದ್ರಪದ, ಆಶ್ವಯುಜಗಳಲ್ಲಿ ಬೆಂಗಳೂರಿನ ಜೋರು ಮಳೆ ಬರುತ್ತದಷ್ಟೆ. ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಹಸ್ತ, ಚಿತ್ತಾ ಮಳೆಗಳು ಹುಯ್ಯುವಾಗ ತಾತ ಒಳಗೆ ಚಾಪೆಯ ಮೇಲೆ ಕುಳಿತು ನೆಮ್ಮದಿಯಾಗಿ ಅಡಿಕೆ ಕತ್ತರಿಸುತ್ತಿದ್ದ ಚಿತ್ರ ನನ್ನ ಕಣ್ಣಿನಲ್ಲಿದೆ.

ತಾತ 1969ರಲ್ಲಿ ತೀರಿಕೊಂಡರು. 1973ರಲ್ಲಿ ನಮ್ಮ ತಂದೆಯವರಿಗೂ ಚಿಕ್ಕಪ್ಪನವರಿಗೂ ವಿಭಾಗವಾಯಿತು. ಮಹಡಿ ನಮ್ಮ ಪಾಲಿಗೆ, ನೆಲ ಅಂತಸ್ತು ಚಿಕ್ಕಪ್ಪನ ಪಾಲಿಗೆ. ವಿಭಾಗಪತ್ರವನ್ನು ಬರೆದವರು ಬಹಳ ಕಟ್ಟುನಿಟ್ಟಾಗಿ ಬರೆದಿದ್ದರು. ಒರಳುಕಲ್ಲು ಯಾರಿಗೆ, ಹಿತ್ತಾಳೆಯ ಹಂಡೆ ಯಾರಿಗೆ, ಹಿಂಬಾಗಿಲಿನ ಬೀಗದಕೈ ಯಾರ ಬಳಿ ಇರತಕ್ಕದ್ದು ಎಂಬುದೆಲ್ಲ ಅದರಲ್ಲಿತ್ತು. ಮಾಳಿಗೆ ಯಾರಿಗೆ ಎಂಬುದು ಮಾತ್ರ ಇರಲಿಲ್ಲ. ಅದನ್ನು ಒಂದು ಆಸ್ತಿಯೆಂದು ಯಾರೂ ಎಣಿಸಿರಲಿಲ್ಲ.

ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಮಾಳಿಗೆಯನ್ನು ಬಳಸುವವನು ನೀನು, ಹಪ್ಪಳ ಒಣಗಿಸುವವರು ನಿನ್ನ ಮನೆಯವರು, ರಿಪೇರಿಯೂ ನಿನ್ನದೇ ಎಂಬುದು ಚಿಕ್ಕಪ್ಪನವರ ವಾದ. ಅಣ್ಣನ ಮುಂದೆ ನಿಂತು ಅವರು ಇಷ್ಟು ಬಿರುಸಾಗಿ ಹೇಳಿದವರಲ್ಲ, ಮಧ್ಯಸ್ಥರ ಮೂಲಕ ಹೇಳಿ ಕಳುಹಿಸಿದರು. ಮಾಳಿಗೆ ಬಿದ್ದರೆ ನಿನ್ನ ತಲೆಯ ಮೇಲೂ ಬೀಳುತ್ತದೆ, ಅರ್ಧ ಖರ್ಚು ನಿನ್ನದು ಎಂಬುದು ನಮ್ಮ ತಂದೆಯವರ ವಾದ. ಇಬ್ಬರೂ ಕೆಟ್ಟವರಲ್ಲ. ಹಬ್ಬಕ್ಕೆ ಒಬ್ಬರ ಮನೆಯ ಒಬ್ಬಟ್ಟು ಇನ್ನೊಬ್ಬರ ಮನೆಗೆ ತಪ್ಪದೆ ಹೋಗುತ್ತಿತ್ತು. ಆದರೆ ಮೇಸ್ತ್ರಿ ಬಂದು ಲೆಕ್ಕ ಹೇಳಿದಾಗಲೆಲ್ಲ ಮಾತು ಮುರಿಯುತ್ತಿತ್ತು. ಹೀಗೆ ಹತ್ತು ಹನ್ನೆರಡು ಮಳೆಗಾಲಗಳು ಕಳೆದವು. ದೋಣಿಯ ಬಾಯಿ ಕಟ್ಟಿತು. ಅರಳಿಯ ಸಸಿ ಗಿಡವಾಯಿತು.

ನೀರು ಮಾಳಿಗೆಯೊಳಕ್ಕೆ ಇಳಿದರೆ ನೇರವಾಗಿ ಕೆಳಕ್ಕೆ ಬೀಳುವುದಿಲ್ಲವೆಂದು ಆಗಲೇ ಹೇಳಿದೆ. ಇಟ್ಟಿಗೆಯ ಸಂದುಗಳಲ್ಲಿ ತೆವಳುತ್ತ ಹೋಗಿ ಗೋಡೆಯೊಳಗೆ ಇಳಿಯುತ್ತದೆ. ಆ ಗೋಡೆಯೊಳಗೆ ಹೂತಿರುವುದು ತೊಲೆಯ ತುದಿ. ತೊಲೆಯ ಉದ್ದಕ್ಕೂ ಗಾಳಿಯಾಡುತ್ತದೆ, ಒದ್ದೆಯಾದರೂ ಒಣಗುತ್ತದೆ. ಗೋಡೆಯೊಳಗಣ ತುದಿಗೆ ಗಾಳಿಯಿಲ್ಲ, ನೆನೆದದ್ದು ನೆನೆದೇ ಇರುತ್ತದೆ. ಮರ ಲಡ್ಡಾಗುವುದು ಅಲ್ಲಿ. ಕಣ್ಣಿಗೆ ಕಾಣುವ ತೊಲೆಯೆಲ್ಲ ಗಟ್ಟಿಯಾಗಿಯೇ ಇರುತ್ತದೆ; ಭಾರ ಹೊರುವ ಜಾಗ ಮಾತ್ರ ಹುಡಿಯಾಗಿರುತ್ತದೆ. ನೆಲ ಅಂತಸ್ತಿನ ಗೋಡೆಯ ಗಿಲಾವು ಉಬ್ಬಿ ಉದುರತೊಡಗಿದಾಗ ಚಿಕ್ಕಪ್ಪನವರಿಗೂ ಮಾಳಿಗೆ ತಮ್ಮದೆಂಬುದು ತಿಳಿಯಿತು. ಆ ವೇಳೆಗೆ ತಡವಾಗಿತ್ತು.

ನಡುವೆ ನಮ್ಮ ತಂದೆಯವರು ತಾವೊಬ್ಬರೇ ಒಂದು ಉಪಾಯ ಮಾಡಿದರು. ಬಿರುಕಿದ್ದ ಕಡೆಯೆಲ್ಲ ಸಿಮೆಂಟು ಬಳಿಸಿದರು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಸುಣ್ಣದ ಮೈಗೆ ಸಿಮೆಂಟಿನ ತೇಪೆ ಒಗ್ಗುವುದಿಲ್ಲ. ಅದು ಬಿರುಸು, ಇದು ಮೆದು. ಬಿಸಿಲಿಗೆ ಎರಡೂ ಒಂದೇ ಬಗೆಯಾಗಿ ಹಿಗ್ಗುವುದಿಲ್ಲ. ಒಂದೆರಡು ಬೇಸಗೆಯಲ್ಲಿ ತೇಪೆಯ ಅಂಚಿನ ಸುತ್ತ ಕೂದಲೆಳೆಯ ಸೀಳು ಬಿಟ್ಟುಕೊಳ್ಳುತ್ತದೆ. ಅಲ್ಲಿ ಇಳಿದ ನೀರಿಗೆ ಮೇಲಿನಿಂದ ಆರಿಹೋಗಲು ದಾರಿಯನ್ನು ಆ ಸಿಮೆಂಟೇ ಮುಚ್ಚಿರುತ್ತದೆ. ಇನ್ನೊಂದು ಸಂಗತಿಯೂ ಸೇರಿಕೊಂಡಿತು. ಪಕ್ಕದ ಮನೆಯವರು ಹಳೆಯದನ್ನು ಕೆಡವಿ ಮೂರಂತಸ್ತು ಎಬ್ಬಿಸಿದರು. ಅವರ ಎತ್ತರದ ಗೋಡೆಗೆ ಬಡಿದ ಮಳೆಯೆಲ್ಲ ಜಾರಿ ಬಂದು, ಅವರ ಗೋಡೆಗೂ ನಮ್ಮ ಮಾಳಿಗೆಗೂ ನಡುವಣ ಸಂದಿನಲ್ಲಿ ಇಳಿಯತೊಡಗಿತು. ಪೇಟೆಯಲ್ಲಿ ನೆರೆಯವನು ಏಳಿಗೆ ಹೊಂದಿದರೆ ನಮ್ಮ ಗೋಡೆ ತೇವವಾಗುತ್ತದೆ. ಇದು ಅಸೂಯೆಯ ಮಾತಲ್ಲ, ವಾಸ್ತವ.

ಇನ್ನು ಬೆಲೆಯ ವಿಚಾರ. ಮನೆಯ ಬೆಲೆ ಕಟ್ಟುವವರ ಒಂದು ರೂಢಿಯ ಲೆಕ್ಕವಿದೆ. ನಿವೇಶನದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ, ಎರಡನ್ನೂ ಕೂಡಿಸುವುದು. ಕಟ್ಟಡಕ್ಕಾದರೆ, ಅದನ್ನು ಈ ಹೊತ್ತು ಹೊಸದಾಗಿ ಕಟ್ಟಲು ಎಷ್ಟಾಗುತ್ತದೆಂದು ನೋಡಿ, ಸವೆದ ಆಯುಸ್ಸಿಗೆ ತಕ್ಕಂತೆ ಕಳೆಯುವುದು. ಕೊನೆಗೆ ಹಳೆಯ ಸಾಮಾನಿನ ಬೆಲೆಯೆಂದು ನೂರಕ್ಕೆ ಹತ್ತು ಉಳಿಸಿಕೊಳ್ಳುವುದು ವಾಡಿಕೆ. ಒಂದು ಉದಾಹರಣೆ ಹೇಳುತ್ತೇನೆ, ಕಾಗದ ಪೆನ್ಸಿಲು ಬೇಡ. ಹೊಸದಾಗಿ ಕಟ್ಟಲು 30 ಲಕ್ಷ ರೂಪಾಯಿ ಬೇಕಾಗುವ ಮನೆ, ವಯಸ್ಸು 40 ವರ್ಷ ಎನ್ನಿ. ಚೆನ್ನಾಗಿ ನೋಡಿಕೊಂಡ ಮನೆ, ಒಟ್ಟು 80 ವರ್ಷ ಬಾಳುತ್ತದೆಂದು ಪರೀಕ್ಷಕನಿಗೆ ಅನ್ನಿಸಿದರೆ ಅರ್ಧ ಆಯುಸ್ಸು ಕಳೆಯಿತು. ಕಟ್ಟಡದ ಬೆಲೆ 16 ಲಕ್ಷದ 50 ಸಾವಿರ. ಅದೇ ಮನೆಯ ಛಾವಣಿ ಸೋರಿ, ಇನ್ನು ಹತ್ತು ವರ್ಷಕ್ಕಿಂತ ನಿಲ್ಲದೆಂದು ಅವನು ಬರೆದನೆನ್ನಿ. ಆಗ ಒಟ್ಟು ಆಯುಸ್ಸು 50 ವರ್ಷವಾಯಿತು, ಕಟ್ಟಡದ ಬೆಲೆ 8 ಲಕ್ಷದ 40 ಸಾವಿರಕ್ಕೆ ಇಳಿಯಿತು. ಛಾವಣಿಯ ರಿಪೇರಿಗೆ ಎರಡು ಲಕ್ಷವೇ ಆಗಲಿ, ಕಳೆದುಕೊಂಡದ್ದು ಎಂಟು ಲಕ್ಷದ ಮೇಲೆ. ಸೋರಿಕೆ ಛಾವಣಿಯ ಬೆಲೆಯನ್ನಷ್ಟೇ ಕಳೆಯುವುದಿಲ್ಲ, ಇಡೀ ಕಟ್ಟಡದ ಆಯುಸ್ಸನ್ನು ಕಳೆಯುತ್ತದೆ.

ಇದಕ್ಕೆ ಪೇಟೆಯವರು ಒಂದು ಉತ್ತರ ಕೊಡುತ್ತಾರೆ, ನಮ್ಮ ತಂದೆಯವರೂ ಕೊಡುತ್ತಿದ್ದರು. "ಇಲ್ಲಿ ಬೆಲೆಯಿರುವುದು ನೆಲಕ್ಕೆ. ನೆಲ ಸೋರುತ್ತದೆಯೇ?" ಮೇಲುನೋಟಕ್ಕೆ ಇದು ಸರಿಯೇ. ಅಕ್ಕಿಪೇಟೆಯಂಥ ಕಡೆ ನಿವೇಶನದ ಬೆಲೆಯ ಮುಂದೆ ಹಳೆಯ ಕಟ್ಟಡದ ಬೆಲೆ ಏನೂ ಅಲ್ಲ. ಹಾಗಾದರೆ ಮಾಳಿಗೆಗೆ ಖರ್ಚು ಮಾಡುವವನು ಹುಚ್ಚನೇ? ನಾನೂ ಬಹಳ ಕಾಲ ಹೀಗೆಯೇ ತಿಳಿದಿದ್ದೆ. ಆದರೆ ಈ ಲೆಕ್ಕ ಒಂದನ್ನು ಮರೆಯುತ್ತದೆ. ಹಳೆಯ ಮನೆಗೆ ಎರಡು ಬಗೆಯ ಗಿರಾಕಿಗಳು. ಬಾಳಲು ಬರುವವನೊಬ್ಬ, ಕೆಡವಲು ಬರುವವನೊಬ್ಬ. ಮಾಳಿಗೆ ಗಟ್ಟಿಯಾಗಿದ್ದರೆ ಇಬ್ಬರೂ ಬರುತ್ತಾರೆ, ಒಬ್ಬನ ಎದುರು ಇನ್ನೊಬ್ಬ ಬೆಲೆ ಏರಿಸುತ್ತಾನೆ. ಮಾಳಿಗೆ ಸೋರಿದರೆ ಬಾಳಲು ಬರುವವನು ಹಿಂದಿರುಗಿ ಹೋಗುತ್ತಾನೆ, ಕೆಡವುವವನೊಬ್ಬನೇ ಉಳಿಯುತ್ತಾನೆ. ತಾನೊಬ್ಬನೇ ಎಂಬುದು ಅವನಿಗೂ ಗೊತ್ತಿರುತ್ತದೆ. ನೆಲದ ಬೆಲೆಯೂ ಆಗ ಇಳಿಯುತ್ತದೆ, ಏಕೆಂದರೆ ಕೇಳುವವನು ಒಬ್ಬನಾದರೆ ಯಾವುದರ ಬೆಲೆಯೂ ನಿಲ್ಲುವುದಿಲ್ಲ.

ಇಂದಿನ ದಿನಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಬಿದ್ದಿದೆ. ಬಾಳಲು ಬರುವವನು ಸಾಮಾನ್ಯವಾಗಿ ಬ್ಯಾಂಕಿನ ಸಾಲದಿಂದ ಬರುತ್ತಾನೆ. ಬ್ಯಾಂಕು ತನ್ನ ಪರೀಕ್ಷಕನನ್ನು ಕಳುಹಿಸುತ್ತದೆ. ಕಟ್ಟಡದ ಉಳಿದ ಆಯುಸ್ಸು ಎಷ್ಟೆಂದು ಅವನು ಬರೆಯಬೇಕು. ಸಾಲ ಇಪ್ಪತ್ತು ವರ್ಷದ್ದು, ಮನೆ ಹತ್ತು ವರ್ಷದ್ದು ಎಂದಾದರೆ ಸಾಲ ಹುಟ್ಟುವುದು ಕಷ್ಟ. ಕೆಡವುವವನಿಗೆ ಈ ತೊಡಕಿಲ್ಲ.

ತೆರಿಗೆಯ ಲೆಕ್ಕದಲ್ಲಿಯೂ ಛಾವಣಿ ಇಣುಕುತ್ತದೆಂಬುದು ನಿಮಗೆ ತಿಳಿದಿರಬಹುದು. 2008ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಗೆ ಹೊಸ ಪದ್ಧತಿ ಬಂದಾಗ ಆರ್.ಸಿ.ಸಿ. ಮತ್ತು ಮದರಾಸು ತಾರಸಿಯ ಮನೆಗಳನ್ನು ಒಂದು ಕಡೆ ಇರಿಸಿ, ಹೆಂಚು ಮತ್ತು ತಗಡಿನ ಮನೆಗಳಿಗೆ ಬೇರೆಯಾಗಿ ಕಡಿಮೆ ದರವನ್ನು ಗೊತ್ತುಪಡಿಸಿದರು. ಸೋರುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ಅರ್ಜಿಯಲ್ಲಿರಲಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು, "ಬಾಲ್ದಿ ಇಟ್ಟುಕೊಂಡು ಮಲಗುವವನೂ ತಾರಸಿಯವನೇ ಸ್ವಾಮಿ" ಎಂದು ನಗುತ್ತಿದ್ದರು.

ಹೊಸ ಮನೆಗಳವರು ಇದೆಲ್ಲ ಹಳಬರ ಪಾಡು ಎಂದುಕೊಳ್ಳಬೇಕಾಗಿಲ್ಲ. ಆರ್.ಸಿ.ಸಿ. ಛಾವಣಿಯೊಳಗೆ ಕಬ್ಬಿಣವಿದೆ. ನೀರು ಇಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಒಳಗಿನಿಂದಲೇ ಸಿಡಿದು ತುಂಡುತುಂಡಾಗಿ ಉದುರುತ್ತದೆ. ಮದರಾಸು ತಾರಸಿಯಲ್ಲಿ ಒಂದು ಜಂತೆ ಕೆಟ್ಟರೆ ಬದಲಿಸಬಹುದು. ಇಲ್ಲಿ ಕಂಬಿಯನ್ನು ಬದಲಿಸುವಂತಿಲ್ಲ. ಇದರ ಮೇಲೆ ಸೋಲಾರ್ ಒಲೆಯ ಕಾಲುಗಳಿಗೆಂದು, ಡಿಶ್ ತಟ್ಟೆಗೆಂದು ತೂತು ಕೊರೆಸುತ್ತೇವೆ. ಸಾವಿರ ಲೀಟರಿನ ತೊಟ್ಟಿಯನ್ನು ತಂದು ಇಡುತ್ತೇವೆ. ಸಾವಿರ ಲೀಟರು ನೀರೆಂದರೆ ಒಂದು ಟನ್ನು ಭಾರ. ಹಳೆಯ ಮಾಳಿಗೆಯ ಮೇಲೆ ಒಂದು ಎತ್ತಿನ ಗಾಡಿಯನ್ನು ಸರಕುಸಹಿತ ನಿಲ್ಲಿಸಿದಂತೆ. ಬಹುಮಹಡಿಯ ಫ್ಲ್ಯಾಟುಗಳಲ್ಲಿ ನಮ್ಮ ತಂದೆ ಚಿಕ್ಕಪ್ಪಂದಿರ ಜಗಳವೇ ಇಪ್ಪತ್ತು ಮನೆಗಳ ನಡುವೆ ನಡೆಯುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಛಾವಣಿಯನ್ನು ಎಲ್ಲರಿಗೂ ಸೇರಿದ ಭಾಗವೆಂದು ಸ್ಪಷ್ಟವಾಗಿಯೇ ಹೇಳಿದೆ. ಆದರೂ ಸೋರುವುದು ಮೇಲಿನ ಮನೆಯವನಿಗೆ ತಾನೆ ಎಂದು ಕೆಳಗಿನವರು ಸಭೆಗೆ ಬರುವುದಿಲ್ಲ. ಮೇಲಿನ ಮನೆ ಕಡಿಮೆ ಬೆಲೆಗೆ ಮಾರಿಹೋಯಿತೆಂದರೆ ಮುಂದಿನ ಗಿರಾಕಿ ಆ ಬೆಲೆಯನ್ನೇ ಹಿಡಿದು ಕೆಳಗಿನ ಮನೆಯನ್ನೂ ಕೇಳುತ್ತಾನೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಈಗ ನಮ್ಮ ಮನೆಯ ಮಾರಾಟಕ್ಕೆ ಬರುತ್ತೇನೆ. ಹೇಳಲು ಸಂಕೋಚವಾಗುವ ಭಾಗ ಇದು.

ತಂದೆಯವರು 1991ರಲ್ಲಿ ಹೋದರು. 1994ರಲ್ಲಿ ನಾನೂ ಚಿಕ್ಕಪ್ಪನವರೂ ಸೇರಿ ಮನೆಯನ್ನು ಒಟ್ಟಾಗಿ ಮಾರುವುದೆಂದು ನಿಶ್ಚಯಿಸಿದೆವು. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಒಳಗೆಲ್ಲ ಸುಣ್ಣ ಹೊಡೆಸಿದೆವು. ಕಲೆಗಳಿದ್ದ ಕಡೆ ಎರಡು ಸಲ, ಮೂರು ಸಲ ಹೊಡೆಸಿದೆವು. ಬಂದವರಲ್ಲಿ ಒಂದು ಕುಟುಂಬಕ್ಕೆ ಮನೆ ಬಹಳ ಮೆಚ್ಚಿಗೆಯಾಯಿತು. ಕೆಳಗೆ ಅಂಗಡಿ, ಮೇಲೆ ಸಂಸಾರ ಇಡಬೇಕೆಂಬ ಆಸೆ ಅವರದು. ತೊಟ್ಟಿಯನ್ನು ಮುಚ್ಚುವುದಿಲ್ಲ, ಕಂಬಗಳನ್ನು ತೆಗೆಸುವುದಿಲ್ಲ ಎಂದು ತಾವಾಗಿಯೇ ಹೇಳಿದರು. 13 ಲಕ್ಷಕ್ಕೆ ಮಾತು ಬಂದಿತ್ತು. ಮುಂಗಡ ಕೊಡುವುದಕ್ಕೆ ಮುಂಚೆ ಮನೆಯ ಹಿರಿಯಾಕೆಯನ್ನು ಒಮ್ಮೆ ಕರೆತರುತ್ತೇವೆಂದರು.

ಆಕೆ ನಿಧಾನವಾಗಿ ಎಲ್ಲ ಕೋಣೆಗಳನ್ನೂ ನೋಡಿದರು. ದೇವರ ಕೋಣೆಯಲ್ಲಿ ಕೈಮುಗಿದು ನಿಂತು, ಹಾಗೆಯೇ ಕತ್ತೆತ್ತಿದರು. ಸುಣ್ಣದ ಬಿಳುಪಿನೊಳಗಿನಿಂದ ತಟ್ಟೆಯಗಲದ ಹಳದಿ ಉಂಗುರವೊಂದು ಆಗಲೇ ಮೇಲೆದ್ದು ಬಂದಿತ್ತು. ತೇವದ ಕಲೆಯ ಗುಣವೇ ಅಂಥದು.

"ಇದು ಯಾವ ಮಳೆಯದಪ್ಪ?" ಎಂದು ಕೇಳಿದರು.

ಅದು ಆ ವರ್ಷದ ಹಸ್ತ ಮಳೆಯದು. ಅದರ ಕೆಳಗೆ ಬೋಗುಣಿ ಇಟ್ಟವನು ನಾನೇ.

"ಹಳೆಯದಮ್ಮ. ತುಂಬ ಹಳೆಯದು. ಈಗ ಸರಿಯಾಗಿದೆ" ಎಂದೆ.

ಆಕೆ ಏನೂ ಹೇಳಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟರು, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಡುವಂತೆ. ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಮಗನತ್ತ ತಿರುಗಿ, "ನಡಿಯಪ್ಪ, ಹೊತ್ತಾಯಿತು" ಎಂದರು. ಅವರು ಮತ್ತೆ ಬರಲಿಲ್ಲ. ಕಲೆಯನ್ನು ಕಂಡು ಅವರು ಹೋದರೆಂದು ಎಷ್ಟೋ ದಿನ ಹೇಳಿಕೊಂಡೆ. ಕಲೆಗೆ ಅವರು ಐವತ್ತು ಸಾವಿರ ಇಳಿಸಿ ಕೇಳುತ್ತಿದ್ದರೋ ಏನೋ. ಅವರು ಹೋದದ್ದು ನನ್ನ ಉತ್ತರಕ್ಕೆ. ಒಂದು ಕಲೆಯ ವಿಚಾರದಲ್ಲಿ ಸುಳ್ಳು ಹೇಳಿದವನು ಕಾಣದ ತೊಲೆಯ ವಿಚಾರದಲ್ಲಿ, ಪತ್ರಗಳ ವಿಚಾರದಲ್ಲಿ ಏನು ಹೇಳಿಯಾನು ಎಂದು ಅವರು ಯೋಚಿಸಿದ್ದರೆ ತಪ್ಪೇನು? ಮಾರುವವನು ತನಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ತಾನಾಗಿಯೇ ತಿಳಿಸತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣ ಹೇಳುತ್ತದೆ. ಅದನ್ನು ನಾನು ಓದಿದ್ದು ಆಮೇಲೆ. ಓದದೆಯೂ ತಿಳಿದಿರಬೇಕಾಗಿದ್ದ ಸಂಗತಿ ಅದು.

ಎಂಟು ತಿಂಗಳು ಕಾದೆವು. ಕೊನೆಗೆ ಬಂದವನು ಮನೆಯೊಳಕ್ಕೆ ಕಾಲಿಡಲಿಲ್ಲ. ಬೀದಿಯಲ್ಲಿಯೇ ನಿಂತು ಮುಂಭಾಗವನ್ನು ಹೆಜ್ಜೆಯಿಂದ ಅಳೆದ. ಕಲೆ ಬಿರುಕುಗಳ ಮಾತೇ ಎತ್ತಲಿಲ್ಲ. ಹತ್ತೂವರೆ ಲಕ್ಷ ಎಂದ; ಹನ್ನೊಂದಕ್ಕೂ ಏರಲಿಲ್ಲ. ಕ್ರಯಪತ್ರವಾಗಿ ಹದಿನೈದು ದಿನಕ್ಕೆ ಕೆಡವಲು ಆಳುಗಳು ಬಂದರು.

ಕೆಡವುವ ದಿನ ನಾನು ಹೋಗಬಾರದಿತ್ತು, ಹೋದೆ. ಚಿಕ್ಕಪ್ಪನವರೂ ಬಂದು ಎದುರಿನ ಜಗುಲಿಯ ಮೇಲೆ ಕುಳಿತಿದ್ದರು. ಮಾಳಿಗೆಯನ್ನು ಒಡೆಯಲು ಆಳುಗಳು ಒದ್ದಾಡುತ್ತಿದ್ದರು. ತಾತನ ಕಾಲದ ಗಾರೆ, ಸೋರಿದ ಕಡೆಯನ್ನು ಬಿಟ್ಟರೆ ಉಳಿದ ಕಡೆಯೆಲ್ಲ ಹಾರೆಗೆ ಬಗ್ಗಲಿಲ್ಲ. ಸಂಜೆಯ ಹೊತ್ತಿಗೆ ತೊಲೆಗಳನ್ನು ಇಳಿಸಿದರು. ಹಳೆಯ ಮರ ಕೊಳ್ಳುವವನು ಬಂದು ಒಂದೊಂದನ್ನೂ ಉಳಿಯಿಂದ ಕುಟ್ಟಿ ನೋಡಿದ. "ತುದಿಯಲ್ಲಿ ಒಂದೊಂದು ಅಡಿ ಹೋಗಿದೆ ಅಷ್ಟೇ ಸಾರ್. ಉಳಿದದ್ದು ಕಬ್ಬಿಣ" ಎಂದ. ಅಲ್ಲಿಯೇ ಗರಗಸದಿಂದ ತುದಿಗಳನ್ನು ಕೊಯ್ಯಿಸಿ, ತೊಲೆಗಳನ್ನು ಲಾರಿಗೆ ಹೇರಿಸಿದ. ಕೊಯ್ದ ತುಂಡುಗಳು ಬೀದಿಯಲ್ಲಿ ಬಿದ್ದಿದ್ದವು. ಚಿಕ್ಕಪ್ಪನವರು ಎದ್ದು ಬಂದು ಒಂದನ್ನು ಕೈಗೆ ಎತ್ತಿಕೊಂಡರು. ಅದು ಅವಲಕ್ಕಿಯಂತೆ ಉದುರಿತು.

"ಎಂಬತ್ತಮೂರರಲ್ಲಿ ಮೇಸ್ತ್ರಿ ಎಷ್ಟು ಹೇಳಿದ್ದನಯ್ಯ?" ಎಂದು ಕೇಳಿದರು.

"ಆರು ಸಾವಿರ ಅಂತ ನೆನಪು, ಚಿಕ್ಕಪ್ಪ."

"ಆರೂವರೆ" ಎಂದರು ಅವರು. "ನಾನು ಆರಕ್ಕಾದರೆ ಅರ್ಧ ಕೊಡುತ್ತೇನೆ ಎಂದಿದ್ದೆ. ನಿಮ್ಮಪ್ಪ ಹೋಗಿ ಮೇಸ್ತ್ರಿಯ ಹತ್ತಿರ ಚೌಕಾಶಿ ಮಾಡಿ ಬರುತ್ತೇನೆ ಎಂದ. ಅಷ್ಟರಲ್ಲಿ ಮಳೆ ಹಿಡಿಯಿತು."

ಲಾರಿ ಹೊರಟಿತು. ಬೀದಿ ಇಕ್ಕಟ್ಟಾದುದರಿಂದ ನಾವಿಬ್ಬರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು.